ಟ್ರೌಟ್ ಮೀನಿನ ಬೆನ್ನು ಹಿಡಿದು ಹಿಮಾಚಲಕ್ಕೆ: ಕುಟುಂಬ ಪ್ರವಾಸಕ್ಕೊಂದು ಪೂರ್ವಸಿದ್ಧತೆ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರ ಪಾಲಿಗೆ ಮೇ ತಿಂಗಳ ರಜೆಯೆಂದರೆ ಊರಿನ ರಜೆ. ಮಕ್ಕಳ ಪರೀಕ್ಷೆ ಮುಗಿಯುವ ಮೊದಲೇ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನ ಟಿಕೇಟು ಕಾದಿರಿಸಿ ಹೊರಟರೆ, ಮದುವೆ, ಗೃಹಪ್ರವೇಶ, ಕೋಲ, ನೇಮಗಳ ನಡುವೆ ತಿಂಗಳು ಕಳೆದದ್ದೇ ತಿಳಿಯುವುದಿಲ್ಲ. ಆದರೆ ಇತ್ತೀಚೆಗೆ ಸಂಘದ ಕಾರ್ಯಕ್ರಮಗಳ ಬಿಡುವಿನಲ್ಲಿ, ಚಹಾದ ಲೋಟ ಹಿಡಿದು ನಿಂತಾಗ, ಬೇರೊಂದು ಬಗೆಯ ಪ್ರಶ್ನೆ ಎದುರಾಗುತ್ತಿದೆ. "ನೀವು ಹಿಮಾಚಲದ ಹೊಳೆಯಲ್ಲಿ ಗಾಳ ಹಾಕಿ ಬಂದಿರಂತೆ, ಹೌದೆ? ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ನಾವೂ ಹೋಗಬಹುದೆ?"

ಖಂಡಿತ ಹೋಗಬಹುದು. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಒಂದೆಡೆ ಬರೆದಿಡುವ ಉದ್ದೇಶದಿಂದ ಈ ಲೇಖನ. ನಾನು ಈ ವಿದ್ಯೆಯಲ್ಲಿ ಪರಿಣತನಲ್ಲ. ಕಲಾ ವಿಭಾಗದಲ್ಲಿ ಪದವಿ ಪಡೆದು ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಆಯುಷ್ಯದ ಬಹುಭಾಗ ಕಳೆದವನು. ಎರಡು ಬಾರಿ ಕುಟುಂಬಸಮೇತನಾಗಿ ಹೋಗಿದ್ದೇನೆ. ಮೊದಲನೆಯ ಬಾರಿ ಒಂದು ಮೀನನ್ನೂ ಕಾಣದೆ ಮರಳಿದೆ. ನಮ್ಮ ರಜೆಯ ಪಂಚಾಂಗವನ್ನು ನೋಡಿ ಹೊರಟಿದ್ದೆನೇ ಹೊರತು ನದಿಯ ಪಂಚಾಂಗವನ್ನು ವಿಚಾರಿಸಿರಲಿಲ್ಲ. ತಪ್ಪು ಪೂರ್ಣವಾಗಿ ನನ್ನದೇ.

ಅದು 2018ರ ಮೇ ತಿಂಗಳ ಕೊನೆಯ ವಾರ. ಪ್ರವಾಸದ ಮೂಲ ಪ್ರೇರಣೆ ನನ್ನ ತಂದೆಯವರು. ಕಾರ್ಕಳದ ಬಳಿ ಸ್ವರ್ಣಾ ನದಿಯ ದಂಡೆಯಲ್ಲಿ ಹುಟ್ಟಿ, ಹದಿನಾರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಓದಿದವರು ಅವರು. ಬಾಲ್ಯದಲ್ಲಿ ಬಿದಿರಿನ ಕಡ್ಡಿಗೆ ನೂಲು ಕಟ್ಟಿ ಗಾಳ ಹಾಕಿದ ಕಥೆಗಳನ್ನು ನಾವೆಲ್ಲ ಕೇಳಿಯೇ ಬೆಳೆದವರು. ಆದರೆ ಮುಂಬಯಿಗೆ ಬಂದ ಮೇಲೆ, ಸುಮಾರು ಅರುವತ್ತು ವರ್ಷ, ಅವರು ಗಾಳವನ್ನು ಕೈಯಲ್ಲಿ ಹಿಡಿದದ್ದಿಲ್ಲ. ಅವರ ಕಾಲಿನಲ್ಲಿ ಶಕ್ತಿಯಿರುವಾಗಲೇ ಒಮ್ಮೆ ಒಳ್ಳೆಯ ಹೊಳೆಯ ಬದಿಗೆ ಕರೆದೊಯ್ಯಬೇಕೆಂಬ ಆಸೆ ನನ್ನದಾಗಿತ್ತು.

ನಾವು ತಲುಪಿದ್ದು ಕುಲ್ಲು ಜಿಲ್ಲೆಯ ತೀರ್ಥನ್ ನದಿಗೆ. ಚಿತ್ರಗಳಲ್ಲಿ ಗಾಜಿನಂತೆ ತಿಳಿಯಾಗಿದ್ದ ನೀರು ನಮ್ಮ ಕಣ್ಣೆದುರು ಬೂದಿ ಕದಡಿದಂತೆ ಹರಿಯುತ್ತಿತ್ತು. ಬಿಸಿಲೇರಿದಂತೆ ಮೇಲಿನ ಶಿಖರಗಳಲ್ಲಿ ಹಿಮ ಕರಗುತ್ತದೆ. ಆ ನೀರು ಮಣ್ಣನ್ನು ಹೊತ್ತುಕೊಂಡು ಮಧ್ಯಾಹ್ನದ ಮೇಲೆ ಕೆಳಗಿಳಿಯುತ್ತದೆ. ಟ್ರೌಟ್ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ಮೀನು. ನೀರು ಕದಡಿದಾಗ ಗಾಳದ ತುದಿಯಲ್ಲಿರುವುದು ಅದಕ್ಕೆ ಕಾಣುವುದೇ ಇಲ್ಲ. ಎರಡು ದಿನಗಳ ಪರವಾನಿಗೆ ನೀರಿನಲ್ಲಿ ಹೋಮವಾಯಿತು. ದಂಡೆಯ ಬಂಡೆಯ ಮೇಲೆ ಕುಳಿತಿದ್ದ ಅಪ್ಪ ಹೇಳಿದ್ದಿಷ್ಟೇ: "ಮೇ ತಿಂಗಳಲ್ಲಿ ನಮ್ಮ ಸ್ವರ್ಣೆಯ ನೀರು ಇಳಿಯುತ್ತದೆ, ಇಲ್ಲಿಯದು ಏರುತ್ತದೆ. ಅಷ್ಟೂ ವಿಚಾರಿಸದೆ ಬಂದೆಯಾ ಮಾರಾಯ?"

ಆದ್ದರಿಂದ ಮೊದಲು ಈ ಮೀನಿನ ಸ್ವಭಾವವನ್ನು ತಿಳಿಯುವುದು ಒಳಿತು. ಟ್ರೌಟ್ ನಮ್ಮ ದೇಶದ ಮೂಲನಿವಾಸಿಯಲ್ಲ. ಮೈಮೇಲೆ ಕೆಂಪು ಹಾಗೂ ಕಪ್ಪು ಚುಕ್ಕೆಗಳಿರುವ ಬ್ರೌನ್ ಟ್ರೌಟ್ ಯುರೋಪಿನದು. ಪಕ್ಕೆಯುದ್ದಕ್ಕೂ ಗುಲಾಬಿ ಬಣ್ಣದ ಪಟ್ಟಿಯಿರುವ ರೇನ್‌ಬೋ ಟ್ರೌಟ್ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಹೊಳೆಗಳದು. ಬ್ರಿಟಿಷ್ ಅಧಿಕಾರಿಗಳು ತಮ್ಮ ವಿನೋದಕ್ಕಾಗಿ ಇವನ್ನು ಇಲ್ಲಿಗೆ ತಂದರು. 1900ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಮೊಟ್ಟೆಗಳು ಕಾಶ್ಮೀರದಲ್ಲಿ ಮರಿಯಾದವು. ಶ್ರೀನಗರದ ಬಳಿಯ ಹಾರ್ವನ್‌ನಲ್ಲಿ ಸಾಕಣೆ ಕೇಂದ್ರ ಬೆಳೆಯಿತು. ಅಲ್ಲಿಂದ 1909ರಲ್ಲಿ ಕುಲ್ಲು ಕಣಿವೆಗೆ ಮೊಟ್ಟೆಗಳನ್ನು ಸಾಗಿಸಲಾಯಿತು. ಹೊಟ್ಟೆಪಾಡಿಗೆ ಬಂದ ನಮ್ಮಂತೆಯೇ ಅದೂ ವಲಸೆ ಬಂದು ನೆಲೆನಿಂತ ಜೀವಿ ಎಂದು ನನ್ನ ಪತ್ನಿ ನಗೆಯಾಡುವುದುಂಟು. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು; ಈ ಅತಿಥಿಯಿಂದ ಹಿಮಾಲಯದ ಮೂಲ ಮೀನುಗಳಿಗೆ ತೊಂದರೆಯೂ ಆಗಿದೆ. ಅಲ್ಲಿ ಸ್ನೋ ಟ್ರೌಟ್ ಎಂದು ಕರೆಯುವ ಮೀನು ಹೆಸರಿಗಷ್ಟೇ ಟ್ರೌಟ್. ವಾಸ್ತವದಲ್ಲಿ ಅದು ನಮ್ಮ ಕಾಟ್ಲಾ, ರೋಹುಗಳಂತೆ ಗೆಂಡೆಯ ವಂಶದ್ದು.

ಟ್ರೌಟಿಗೆ ತಣ್ಣನೆಯ, ವೇಗವಾಗಿ ಹರಿಯುವ, ಪ್ರಾಣವಾಯು ತುಂಬಿದ ನೀರು ಬೇಕು. ಹತ್ತರಿಂದ ಹದಿನಾರು ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಇಪ್ಪತ್ತು ದಾಟಿದರೆ ಸಂಕಟ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವುದೇ ಇದಕ್ಕೆ ಕಾರಣ. ಈ ಒಂದು ನಿಯಮದಿಂದ ನಮ್ಮ ಸಹ್ಯಾದ್ರಿಯ ಬಹುತೇಕ ಹೊಳೆಗಳು ಲೆಕ್ಕದಿಂದ ಹೊರಗುಳಿಯುತ್ತವೆ. ಮುಂಬಯಿಯ ಸಮೀಪದ ಘಟ್ಟಗಳಲ್ಲಿ ಮಳೆಗಾಲದಲ್ಲಿ ಭೋರ್ಗರೆವ ತೊರೆಗಳು ಬೇಸಗೆಯಲ್ಲಿ ಬರಿಯ ಕಲ್ಲಿನ ರಾಶಿ. ದಕ್ಷಿಣದಲ್ಲಿ ನೀಲಗಿರಿಯ ಎತ್ತರದಲ್ಲಿ, ಅವಲಾಂಚಿಯ ಕಡೆ, ಹಾಗೂ ಮುನ್ನಾರಿನ ಸುತ್ತಮುತ್ತ ರೇನ್‌ಬೋ ಟ್ರೌಟನ್ನು ನೆಲೆಗೊಳಿಸಲಾಯಿತು. ಆದರೆ ನೀಲಗಿರಿಯ ಆ ಹೊಳೆಗಳ ಬಹುಭಾಗ ಇಂದು ಸಂರಕ್ಷಿತ ಅರಣ್ಯದೊಳಗಿದೆ. ಕುಟುಂಬದೊಡನೆ ಹೋಗಿ ಗಾಳ ಹಾಕುವವರಿಗೆ ಹಿಮಾಚಲವೇ ಸುಲಭ.

"ಅಷ್ಟು ದೂರ ಏಕೆ, ನಮ್ಮ ಕಾವೇರಿಯಿಲ್ಲವೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಗಾಳದ ವಿನೋದ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ನೂಲು, ಕೊಕ್ಕೆ, ಕೋಲು, ಮೀನಿಗೆ ಹಾಕುವ ಆಹಾರ ಇವನ್ನೆಲ್ಲ ಅದು ವಿವರಿಸುತ್ತದೆ. ಇಂಗ್ಲಿಷರು ಗಾಳದ ವೇದವೆಂದು ಗೌರವಿಸುವ ಐಸಾಕ್ ವಾಲ್ಟನ್‌ನ ಪುಸ್ತಕ ಬಂದದ್ದು 1653ರಲ್ಲಿ, ಅಂದರೆ ಅದಕ್ಕಿಂತ ಐನೂರು ವರ್ಷ ತಡವಾಗಿ. ಕಾವೇರಿ ಕೊಳ್ಳದ ಮಹಶೀರ್ ಅಂತೂ ಲೋಕಪ್ರಸಿದ್ಧ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮೀನು 120 ಪೌಂಡು ತೂಗಿತ್ತು. ಆದರೆ ಆ ಡುಬ್ಬದ ಮಹಶೀರ್ 2018ರಲ್ಲಿ ವಿನಾಶದ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿತು. ಭೀಮೇಶ್ವರಿಯ ಕಡೆಯ ಹೆಸರಾಂತ ಗಾಳದ ಶಿಬಿರಗಳು ವನ್ಯಜೀವಿಧಾಮದ ಕಾನೂನಿನಿಂದಾಗಿ 2010ರ ದಶಕದ ಆರಂಭದಲ್ಲೇ ಆ ಚಟುವಟಿಕೆಯನ್ನು ನಿಲ್ಲಿಸಬೇಕಾಯಿತು. ಹಾಗಾಗಿ ನಮ್ಮ ಮೀನನ್ನು ಅದರ ಪಾಡಿಗೆ ಬಿಟ್ಟು, ಸಾಕಣೆ ಕೇಂದ್ರಗಳಿಂದ ಮರಿ ತಂದು ಬಿಡುವ ಟ್ರೌಟಿನತ್ತ ಹೋಗುವುದೇ ಸರಿಯೆಂದು ನನ್ನ ಅಭಿಪ್ರಾಯ.

ಇನ್ನು ನದಿಯ ಪಂಚಾಂಗ. ಹಿಮಾಚಲದ ಟ್ರೌಟ್ ನದಿಗಳಲ್ಲಿ ನವೆಂಬರ್ 1ರಿಂದ ಫೆಬ್ರವರಿ ಅಂತ್ಯದವರೆಗೆ ಗಾಳ ನಿಷಿದ್ಧ. ಆ ನಾಲ್ಕು ತಿಂಗಳು ಬ್ರೌನ್ ಟ್ರೌಟಿನ ಬಾಣಂತನದ ಕಾಲ. ಹೆಣ್ಣು ಮೀನು ಬಾಲದಿಂದ ನದೀತಳದ ಜಲ್ಲಿಯನ್ನು ತೋಡಿ ಮೊಟ್ಟೆಯಿಟ್ಟು ಮತ್ತೆ ಜಲ್ಲಿಯನ್ನು ಮುಚ್ಚುತ್ತದೆ. ಕೊರೆಯುವ ನೀರಿನಲ್ಲಿ ಮರಿಯಾಗಲು ಅವಕ್ಕೆ ವಾರಗಟ್ಟಲೆ ಬೇಕು. ಮಾರ್ಚ್ 1ಕ್ಕೆ ನದಿ ತೆರೆಯುತ್ತದೆ. ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ನೀರು ಕಡಿಮೆ, ತಿಳಿ. ಚಳಿಗಾಲದ ಹಸಿವಿನಿಂದ ಮೀನು ಚುರುಕು. ಮೇ ಮಧ್ಯದಿಂದ ಹಿಮದ ನೀರು. ಜುಲೈ, ಆಗಸ್ಟ್ ಮಳೆಯ ತಿಂಗಳುಗಳು. ಆಗ ಆ ಕಣಿವೆಗಳತ್ತ ಕುಟುಂಬದೊಡನೆ ಹೋಗಲೇಬಾರದು. 2023ರ ಜುಲೈಯಲ್ಲಿ ಬಿಯಾಸ್ ಕಣಿವೆಯಲ್ಲಿ ರಸ್ತೆ, ಸೇತುವೆ, ಮನೆಗಳು ಕೊಚ್ಚಿಹೋದದ್ದನ್ನು ದೂರದರ್ಶನದಲ್ಲಿ ನಾವೆಲ್ಲ ಕಂಡಿದ್ದೇವೆ. ಮಳೆ ನಿಂತು ನೀರು ತಿಳಿಯಾಗುವ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 31ರವರೆಗಿನದು ಎರಡನೆಯ ಸುಗ್ಗಿ.

ಬ್ಯಾಂಕಿನವರಿಗೆ ಮಾರ್ಚ್ ತಿಂಗಳೆಂದರೆ ವಾರ್ಷಿಕ ಲೆಕ್ಕ ಮುಗಿಸುವ ತಿಂಗಳು. ಆಗ ರಜೆ ಕೇಳುವವನನ್ನು ಮ್ಯಾನೇಜರು ನೋಡುವ ನೋಟವನ್ನು ಸಹೋದ್ಯೋಗಿಗಳು ಬಲ್ಲರು. ಮಕ್ಕಳಿಗೂ ಅದು ಪರೀಕ್ಷೆಯ ಸಮಯ. ಉಳಿದದ್ದು ಅಕ್ಟೋಬರ್. ನಾವು 2019ರಲ್ಲಿ ಗಾಂಧಿ ಜಯಂತಿಯನ್ನು ನಡುವಿಟ್ಟುಕೊಂಡು ಎಂಟು ದಿನ ಹೋದೆವು. ಶಾಲೆಯಲ್ಲಿ ಪರೀಕ್ಷೆಯಿದ್ದುದರಿಂದ ಮಗ ಮುಲುಂಡಿನ ಸೋದರತ್ತೆಯ ಮನೆಯಲ್ಲಿ ಉಳಿಯಬೇಕಾಯಿತು. ಆ ವಿಷಯದಲ್ಲಿ ಅವನ ತಕರಾರು ಇಂದಿಗೂ ಮುಗಿದಿಲ್ಲ. ನದಿಯ ಪಂಚಾಂಗಕ್ಕೆ ತಲೆಬಾಗುವಾಗ ಮನೆಯಲ್ಲಿ ಯಾರಾದರೊಬ್ಬರು ಇಂತಹ ಬೆಲೆ ತೆರಬೇಕಾಗುತ್ತದೆ.

ಸ್ಥಳದ ಆಯ್ಕೆಯಲ್ಲಿ ಹಿರಿಯರ ವಯಸ್ಸೇ ಅಳತೆಗೋಲಾಗಲಿ. ಕಿನ್ನೌರಿನ ಸಾಂಗ್ಲಾದಲ್ಲಿ ಹರಿಯುವ ಬಾಸ್ಪಾ ಅತ್ಯಂತ ಸುಂದರ ನದಿ. ಆದರೆ ಅದು ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಮೀಟರಿಗೂ ಎತ್ತರದಲ್ಲಿದ್ದು, ದಾರಿಯೂ ದೀರ್ಘ. ಮಂಡಿ ಜಿಲ್ಲೆಯ ಬರೋಟ್‌ನಲ್ಲಿ ಊಹಲ್ ನದಿಯಿದೆ, ಅಲ್ಲಿಯೇ ಟ್ರೌಟ್ ಸಾಕಣೆ ಕೇಂದ್ರವೂ ಇದೆ. ನಾವು ಎರಡು ಬಾರಿಯೂ ಆರಿಸಿಕೊಂಡದ್ದು ತೀರ್ಥನ್ ಕಣಿವೆಯನ್ನು. ಬಂಜಾರ್ ಪಟ್ಟಣದ ಆಚೆಯ ಗುಶೈನಿಯ ಆಸುಪಾಸು ಎತ್ತರ ಸುಮಾರು 1,500 ಮೀಟರ್ ಮಾತ್ರ, ಆದ್ದರಿಂದ ಉಸಿರಾಟದ ತೊಂದರೆಯ ಭಯ ಕಡಿಮೆ. ವಸತಿಗೃಹಗಳು ನದಿಗೆ ಹತ್ತಿರವೇ ಇವೆ. ಕಣಿವೆಯ ಜನರು ಜಲವಿದ್ಯುತ್ ಯೋಜನೆಗಳ ವಿರುದ್ಧ ಹೋರಾಡಿ ನದಿಯನ್ನು ಉಳಿಸಿಕೊಂಡರು ಎಂಬುದೂ ಅದರ ಹೆಗ್ಗಳಿಕೆ. ಮೇಲ್ಭಾಗದಲ್ಲಿರುವುದು 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ. ಅದರೊಳಗೆ ಗಾಳಕ್ಕೆ ಅವಕಾಶವಿಲ್ಲ. ಕೆಳಭಾಗದ ನದಿಯಲ್ಲಿ ಮೀನುಗಾರಿಕಾ ಇಲಾಖೆಯ ಪರವಾನಿಗೆ ಪಡೆದು ಗಾಳ ಹಾಕಬಹುದು.

ಪರವಾನಿಗೆಯನ್ನು ದಿನದ ಲೆಕ್ಕದಲ್ಲಿ, ಗಾಳದ ಕೋಲಿಗೆ ಒಂದರಂತೆ ಕೊಡುತ್ತಾರೆ. ಗುರುತಿನ ಚೀಟಿಯ ಪ್ರತಿಗಳನ್ನು ಇಲ್ಲಿಂದಲೇ ಒಯ್ಯಿರಿ. ದಿನಕ್ಕೆ ಎಷ್ಟು ಮೀನು, ಎಷ್ಟು ಉದ್ದಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳಬಾರದು ಎಂಬ ನಿಯಮಗಳನ್ನು ಅಲ್ಲೇ ಕೇಳಿ ತಿಳಿದು ಪಾಲಿಸಬೇಕು. ಬಲೆ ಬೀಸುವುದಂತೂ ಅಪರಾಧ.

ಸಾಮಗ್ರಿಗೆ ಮೊದಲ ಸಲವೇ ಹಣ ಸುರಿಯಬೇಡಿ. ಕೋಲು, ರೀಲು, ನೂಲುಗಳನ್ನು ಬಾಡಿಗೆಗೆ ಕೊಡುವವರೂ ಜತೆಗೆ ಬಂದು ಕಲಿಸುವವರೂ ಅಲ್ಲಿ ದೊರೆಯುತ್ತಾರೆ. ಹಕ್ಕಿಯ ಗರಿ, ನೂಲುಗಳಿಂದ ಕೀಟದಂತೆ ಕಟ್ಟಿದ ಕೊಕ್ಕೆಯೇ ಫ್ಲೈ. ನೀರಿನಲ್ಲಿ ಗಿರ್ರನೆ ತಿರುಗಿ ಮಿನುಗುವ ಚಿಕ್ಕ ಲೋಹದ ತಗಡು ಸ್ಪಿನ್ನರ್. ಫ್ಲೈ ಎಸೆಯುವುದನ್ನು ಕಲಿಯಲು ಸಮಯ ಬೇಕು, ಮಕ್ಕಳಿಗೆ ಸ್ಪಿನ್ನರ್ ಸುಲಭ. ಅಪ್ಪ ಎರೆಹುಳು ಎಲ್ಲಿ ಎಂದು ಕೇಳಿದಾಗ ಜತೆಗಿದ್ದ ಸ್ಥಳೀಯ ಯುವಕ ನಕ್ಕು ತಲೆಯಾಡಿಸಿದ. ಸ್ವಂತ ಕೊಕ್ಕೆಗಳನ್ನು ಒಯ್ಯುವವರು ವಿಮಾನದಲ್ಲಿ ಕೈಚೀಲದೊಳಗೆ ಇಡದೆ ಲಗೇಜಿನಲ್ಲಿ ಹಾಕಬೇಕು. ಉಣ್ಣೆಯ ಕಾಲುಚೀಲ, ಜಾರದ ಅಡಿಯುಳ್ಳ ಬೂಟು, ಒಂದು ಜತೆ ಹೆಚ್ಚುವರಿ ಬಟ್ಟೆ ಇವು ಮುಖ್ಯ. ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳ ಅಳತೆಯ ಲೈಫ್ ಜಾಕೆಟ್. ಬಾಡಿಗೆಗೆ ಸಿಗುವ ಭರವಸೆಯಿಲ್ಲದ ಕಾರಣ ಅದನ್ನು ಮುಂಬಯಿಯಿಂದಲೇ ಒಯ್ದೆವು.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. 2014ರ ಜೂನ್ 8ರಂದು ಹೈದರಾಬಾದಿನ ಎಂಜಿನಿಯರಿಂಗ್ ಕಾಲೇಜೊಂದರ 24 ವಿದ್ಯಾರ್ಥಿಗಳು ಬಿಯಾಸ್ ನದಿಯಲ್ಲಿ ಕೊಚ್ಚಿಹೋದರು. ಮಂಡಿಯಿಂದ ಕುಲ್ಲುವಿಗೆ ಹೋಗುವ ಹೆದ್ದಾರಿಯ ಥಲೌಟ್ ಬಳಿ ಅವರು ನದಿಯ ನಡುವಿನ ಬಂಡೆಗಳಿಗೆ ಇಳಿದಿದ್ದರು; ಮೇಲಿನ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಕ್ಷಣಗಳಲ್ಲಿ ಅವರನ್ನು ಸುತ್ತುವರಿಯಿತು. ತೀರ್ಥನ್ ಬಿಯಾಸನ್ನು ಸೇರುವುದೂ ಅದೇ ಲಾರ್ಜಿಯಲ್ಲಿ. ನಮ್ಮ ದಾರಿಯೂ ಅದೇ. ಕಡಲ ತೀರದಲ್ಲಿ ಬೆಳೆದ ನಮಗೆ ನೀರಿನ ಭಯ ಕಡಿಮೆ, ಅದೇ ಅಪಾಯ. ಸಮುದ್ರದ ಏರಿಳಿತಕ್ಕೆ ಹೊತ್ತುಗೊತ್ತು ಇದೆ, ಬೆಟ್ಟದ ನದಿಗೆ ಇಲ್ಲ. ಮೇಲೆಲ್ಲೋ ಮಳೆ ಸುರಿದರೆ ನಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ನೀರು ಏರಬಹುದು. ಹರಿವಿನ ಸದ್ದಿನಲ್ಲಿ ಕೂಗಿ ಕರೆದರೂ ಕೇಳಿಸದು. ನಾವು ಪಾಲಿಸಿದ ಕ್ರಮ ಬಹಳ ಸರಳ. ಕುಳಿತ ಜಾಗದಲ್ಲಿ ನೀರಿನ ಅಂಚಿಗೆ ಸರಿಯಾಗಿ ಒಂದು ಬಿಳಿ ಕಲ್ಲನ್ನು ಗುರುತಿಗೆ ಇಡುವುದು. ಅದು ಮುಳುಗತೊಡಗಿದರೆ, ನೀರಿನ ಬಣ್ಣ ಬದಲಾದರೆ, ಕಸಕಡ್ಡಿ ತೇಲಿಬಂದರೆ, ಗಾಳವನ್ನು ಅಲ್ಲೇ ಬಿಟ್ಟು ಎಲ್ಲರೂ ದಂಡೆ ಹತ್ತುವುದು. ನದಿಯ ನಡುವಿನ ಬಂಡೆಗೆ ಯಾರೂ ಹೋಗಕೂಡದು, ಫೋಟೋ ತೆಗೆಯಲು ಸಹ. ಅಣೆಕಟ್ಟಿನ ಕೆಳಗಿನ ಹರಿವಿನಲ್ಲಿ ಗಾಳದ ಆಸೆಯೇ ಬೇಡ.

ಅಕ್ಟೋಬರಿನ ಆ ದಿನಗಳಲ್ಲಿ ತೀರ್ಥನ್ ತಿಳಿಯಾಗಿತ್ತು. ಟ್ರೌಟ್ ಹರಿವಿಗೆ ಎದುರಾಗಿ ಮುಖಮಾಡಿ, ಬಂಡೆಯ ಹಿಂದಿನ ಶಾಂತ ನೀರಿನಲ್ಲಿ ನಿಂತು, ಹರಿವು ಹೊತ್ತು ತರುವ ಆಹಾರಕ್ಕೆ ಕಾಯುತ್ತದೆ. ಆದ್ದರಿಂದ ಅದರ ಹಿಂದಿನಿಂದ, ಅಂದರೆ ನದಿಯ ಕೆಳಬದಿಯಿಂದ ಸದ್ದಿಲ್ಲದೆ ಸಮೀಪಿಸಬೇಕು. ನಮ್ಮ ನೆರಳು ನೀರಿಗೆ ಬೀಳಬಾರದು. ಇದನ್ನು ನಮಗೆ ಕಲಿಸಬಂದ ಯುವಕ ಹೇಳುವ ಮೊದಲೇ ಅಪ್ಪ ಹೇಳಿದ್ದರು. ಆದರೆ ಆ ಒಂದೂವರೆ ವರ್ಷದಲ್ಲಿ ಅವರ ಮೊಣಕಾಲು ಸೋತಿತ್ತು. ಉರುಟು ಕಲ್ಲುಗಳ ಮೇಲೆ ಇಳಿಯಲಾಗದೆ ದಂಡೆಯ ಮೇಲೆಯೇ ಕುರ್ಚಿ ಹಾಕಿಸಿಕೊಂಡು ಕುಳಿತರು. ಒಂದಷ್ಟು ಹೊತ್ತು ಗಾಳದ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು, ಎಸೆಯಲಿಲ್ಲ. ಮೊದಲ ವರ್ಷವೇ ನಾನು ಸರಿಯಾಗಿ ವಿಚಾರಿಸಿ ಹೊರಟಿದ್ದರೆ ಅವರೂ ನೀರಿಗಿಳಿಯುತ್ತಿದ್ದರು. ಈ ಲೇಖನವನ್ನು ಇಷ್ಟು ವಿವರವಾಗಿ ಬರೆಯಲು ಅದೂ ಒಂದು ಕಾರಣ.

ಮೂರನೆಯ ದಿನ ಬೆಳಗ್ಗೆ ಮಗಳ ಗಾಳಕ್ಕೆ ಗೇಣುದ್ದದ ಬ್ರೌನ್ ಟ್ರೌಟ್ ಸಿಕ್ಕಿತು. ಹಿಡಿದ ಮೀನನ್ನು ಬಿಟ್ಟುಬಿಡುವ ಪದ್ಧತಿಯ ಬಗ್ಗೆ ಹಿಂದಿನ ರಾತ್ರಿಯೇ ಮನೆಯೊಳಗೆ ವಾದವಾಗಿತ್ತು. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬೆಳೆದ ನನ್ನ ಪತ್ನಿಗೆ ಗಾಳವೇ ಇಷ್ಟವಿಲ್ಲ. ಅಪ್ಪನ ಪ್ರಶ್ನೆ ಇನ್ನೊಂದು ಬಗೆಯದು: "ತಿನ್ನಲಿಕ್ಕಲ್ಲದಿದ್ದರೆ ಹಿಡಿಯುವುದು ಯಾಕೆ? ಅದಕ್ಕೆ ನೋವಲ್ಲವಾ?" ಇಬ್ಬರಿಗೂ ನನ್ನಲ್ಲಿ ಪೂರ್ಣ ಉತ್ತರವಿರಲಿಲ್ಲ. ಮಗಳು ಮೀನನ್ನು ಅಜ್ಜನ ಕಡೆ ಎತ್ತಿ ತೋರಿಸಿದಳು. "ಅದಕ್ಕಿನ್ನೂ ಪ್ರಾಯವಾಗಲಿಲ್ಲ, ಬಿಡು ಮಗಾ" ಎಂದರು. ಬಿಡುವವರು ಕೈಯನ್ನು ಮೊದಲು ನೀರಿನಲ್ಲಿ ಒದ್ದೆ ಮಾಡಿಕೊಳ್ಳಬೇಕು; ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಹೋಗಿ ಅದಕ್ಕೆ ರೋಗ ತಗಲುತ್ತದೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಬಿಟ್ಟರೆ ಸುಲಭವಾಗಿ ಬಿಡಿಸಬಹುದು. ಹರಿವಿಗೆ ಮುಖಮಾಡಿಸಿ, ಅದು ತಾನಾಗಿ ಜಾರಿಹೋಗುವವರೆಗೆ ಹಗುರಾಗಿ ಹಿಡಿದಿರಬೇಕು.

ರಾತ್ರಿಯ ಊಟಕ್ಕೆ ಸಾಕಣೆಯ ರೇನ್‌ಬೋ ಟ್ರೌಟ್ ತರಿಸಿದೆವು. ತಿನ್ನಬಯಸುವವರಿಗೆ ನನ್ನ ಸಲಹೆಯೂ ಇದೇ. ಮನೆಯಿಂದ ಒಯ್ದಿದ್ದ ಪುಳಿಮುಂಚಿಯ ಮಸಾಲೆ ಈ ಮೀನಿಗೆ ಹೊಂದಲಿಲ್ಲ. ಅದರ ಮಾಂಸ ಮೃದು, ರುಚಿ ಸೌಮ್ಯ. ಉಪ್ಪು, ಅರಶಿನ, ಸ್ವಲ್ಪ ಮೆಣಸಿನಪುಡಿ ಸವರಿ ಕಾವಲಿಯಲ್ಲಿ ಹುರಿದರೆ ಸಾಕು. "ಬಂಗುಡೆಯ ಮುಂದೆ ಇದು ಸಪ್ಪೆ" ಎಂದು ಅಪ್ಪ ತೀರ್ಪು ಕೊಟ್ಟರು, ಎರಡನೆಯ ತುಂಡನ್ನೂ ಹಾಕಿಸಿಕೊಂಡರು. ಸಸ್ಯಾಹಾರಿಗಳಿಗೆ ಅಲ್ಲಿ ರಾಜ್ಮಾ, ಕಡಿ, ಅನ್ನಗಳಿಗೆ ಕೊರತೆಯಿಲ್ಲ.

ದಾರಿಯ ವಿಚಾರ. ಮುಂಬಯಿಯಿಂದ ಚಂಡೀಗಢಕ್ಕೆ ವಿಮಾನವಿದೆ. ರೈಲಿನಲ್ಲಿ ಹೋಗುವವರು ಚಂಡೀಗಢ ಅಥವಾ ಅಂಬಾಲಾದಲ್ಲಿ ಇಳಿಯಬಹುದು. ಅಲ್ಲಿಂದ ಬಿಲಾಸಪುರ, ಮಂಡಿ ಮಾರ್ಗವಾಗಿ ಔಟ್ ತಲುಪಿ, ಹೆದ್ದಾರಿ ಬಿಟ್ಟು ಲಾರ್ಜಿ, ಬಂಜಾರ್ ಕಡೆ ಹೊರಳಬೇಕು. ಬಂಜಾರಿಗೆ ಒಟ್ಟು ಏಳೆಂಟು ಗಂಟೆಯ ಪಯಣ. ಹಿರಿಯರಿದ್ದರೆ ಮಂಡಿಯಲ್ಲಿ ಒಂದು ರಾತ್ರಿ ತಂಗುವುದು ಒಳ್ಳೆಯದು. ಹೊರಡುವ ಹಿಂದಿನ ದಿನ ವಸತಿಗೃಹಕ್ಕೆ ದೂರವಾಣಿ ಮಾಡಿ ರಸ್ತೆಯ ಸ್ಥಿತಿಯನ್ನೂ ನೀರಿನ ಬಣ್ಣವನ್ನೂ ಕೇಳಿಕೊಳ್ಳಿ. ಬ್ಯಾಂಕ್ ಉದ್ಯೋಗಿಗಳು ಪ್ರವಾಸ ರಿಯಾಯಿತಿಯ ಅವಧಿ ಮುಗಿಯುವ ಮುನ್ನ ಇದಕ್ಕೆ ಬಳಸಿಕೊಳ್ಳಬಹುದು.

ದಿನಾಂಕ ಗೊತ್ತುಮಾಡುವಾಗ ದೀಪಾವಳಿ ರಜೆಯನ್ನು ನೆಚ್ಚುವಂತಿಲ್ಲ. 2025ರಲ್ಲಿ ಹಬ್ಬ ಅಕ್ಟೋಬರ್ 20ರ ಸುಮಾರಿಗೆ ಬಂದಿತ್ತು, ನದಿ ತೆರೆದಿತ್ತು. 2026ರಲ್ಲಿ ದೀಪಾವಳಿ ನವೆಂಬರ್ 8ಕ್ಕೆ. ಅಷ್ಟರಲ್ಲಿ ನದಿ ಮುಚ್ಚಿರುತ್ತದೆ. ವಿಜಯದಶಮಿ ಅಕ್ಟೋಬರ್ 20ಕ್ಕೆ. ಆದರೆ ಕುಲ್ಲುವಿನ ಪ್ರಸಿದ್ಧ ದಸರಾ ಆರಂಭವಾಗುವುದೇ ವಿಜಯದಶಮಿಯಂದು. ಮುಂದಿನ ಒಂದು ವಾರ ಆ ಭಾಗದಲ್ಲಿ ಕೋಣೆಯೂ ವಾಹನವೂ ಸಿಗುವುದು ಕಷ್ಟ. ಆ ವರ್ಷ ಗಾಂಧಿ ಜಯಂತಿ ಶುಕ್ರವಾರ ಬರುತ್ತದೆ, ಹಾಗಾಗಿ ಅಲ್ಲಿಂದ ಮೊದಲ್ಗೊಂಡು ಒಂದು ವಾರ ಅನುಕೂಲವಾದ ಅವಧಿ. ರೈಲಿನ ಮುಂಗಡ ಕಾದಿರಿಸುವಿಕೆ 2024ರ ನವೆಂಬರಿನಿಂದ 120 ದಿನಗಳ ಬದಲು 60 ದಿನಗಳಿಗೆ ಇಳಿದಿದೆ. ಅಕ್ಟೋಬರ್ 1ರ ರೈಲಿಗೆ ಆಗಸ್ಟ್ 2ರಂದು, ಭಾನುವಾರ, ಬೆಳಗ್ಗೆ 8 ಗಂಟೆಗೆ ಟಿಕೇಟು ತೆರೆಯುತ್ತದೆ.